ನಕಲಿಗೆ ಯೋಗ್ಯವಾದ ಪಿಸ್ತೂಲು

ಭಾರತೀಯ ಸೇನೆಯ ಅಧಿಕಾರಿಗಳು ದಶಕಗಳಿಂದ ಸೊಂಟಕ್ಕೆ ಕಟ್ಟುತ್ತ ಬಂದಿರುವ ‘ಪಿಸ್ತೂಲ್ ಆಟೊ 9 ಎಂಎಂ 1ಎ’ ತಯಾರಾಗುವುದು ಪಶ್ಚಿಮ ಬಂಗಾಳದ ಇಛಾಪುರ ರೈಫಲ್ ಕಾರ್ಖಾನೆಯಲ್ಲಿ. ಅದರ ವಿನ್ಯಾಸವನ್ನು ಆರಂಭಿಸಿದವನು ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್, ಮುಗಿಸಿದವನು ಬೆಲ್ಜಿಯಂನ ದ್ಯೂದೊನೆ ಸೈವ್. ಇಛಾಪುರ ಅನುಸರಿಸಿದ್ದು ಅದೇ ವಿನ್ಯಾಸದ ಕೆನಡಾ ಅವತರಣಿಕೆಯನ್ನು. ಅದು ಹಾರಿಸುವ ತೋಟಾ ಹುಟ್ಟಿದ್ದು ಜರ್ಮನಿಯಲ್ಲಿ. ಆ ತೋಟಾವನ್ನು ಭಾರತದಲ್ಲಿ ತಯಾರಿಸುವ ಕಾರ್ಖಾನೆಗಳಲ್ಲಿ ಒಂದು ಪುಣೆಯ ಖಡ್ಕಿಯಲ್ಲಿದೆ.

1935ರಲ್ಲಿ ಬೆಲ್ಜಿಯಂ ಸೇನೆ ಸೇರಿದ ಆ ಮೂಲ ಪಿಸ್ತೂಲಿನ ಹೆಸರು ಬ್ರೌನಿಂಗ್ ಹೈ ಪವರ್. ಕೆನಡಾ, ಅರ್ಜೆಂಟೀನಾ, ಹಂಗರಿ, ಬಲ್ಗೇರಿಯ, ಟರ್ಕಿ, ಭಾರತ ಹೀಗೆ ಹಲವು ದೇಶಗಳ ಕಾರ್ಖಾನೆಗಳು ಅದನ್ನು ಪರವಾನಗಿ ಪಡೆದೋ ಪಡೆಯದೆಯೋ, ಇದ್ದದ್ದು ಇದ್ದಹಾಗೆಯೋ ಅಷ್ಟಿಷ್ಟು ತಿದ್ದಿಯೋ ತಯಾರಿಸಿವೆ. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾದ ಸೈನಿಕರು ಎದುರುಬದುರು ನಿಂತಾಗ ಎರಡೂ ಕಡೆಯವರ ಬಳಿ ಇದ್ದದ್ದು ಇದೇ ಪಿಸ್ತೂಲು. ಸ್ವಂತ ವಿನ್ಯಾಸದ ಶಕ್ತಿಯಿಲ್ಲದವರು ಮಾತ್ರ ನಕಲಿಗೆ ಇಳಿಯುತ್ತಾರೆ ಎನ್ನುವಂತಿಲ್ಲ. ಎಂಬತ್ತು ವರ್ಷ ದಾಟಿದ ಈ ವಿನ್ಯಾಸವನ್ನು 2021ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಕಂಪನಿ ಹೊಸದಾಗಿ ಮಾರುಕಟ್ಟೆಗೆ ತಂದಿತು. ಅದಕ್ಕೂ ಮೊದಲೇ ಉತ್ಪಾದನೆ ನಿಲ್ಲಿಸಿದ್ದ ಬೆಲ್ಜಿಯಂನ ಮೂಲ ಕಂಪನಿ ಎಫ್‌ಎನ್, ಮರುವರ್ಷವೇ ಅದೇ ಹೆಸರಿನ ಪರಿಷ್ಕೃತ ಪಿಸ್ತೂಲಿನೊಂದಿಗೆ ಮರಳಿತು.

ಸಾವಿರಾರು ವಿನ್ಯಾಸಗಳ ನಡುವೆ ಬೆರಳೆಣಿಕೆಯವು ಮಾತ್ರ ಹೀಗೆ ಮತ್ತೆಮತ್ತೆ ನಕಲಾಗುತ್ತವೆ. ಅದಕ್ಕೆ ಪಿಸ್ತೂಲಿನ ಕೀರ್ತಿ ಕಾರಣವಾಗುವುದು ಕಡಿಮೆ. ತೋಟಾ, ಯಂತ್ರೋಪಕರಣ, ಪರೀಕ್ಷೆಯ ಇತಿಹಾಸ, ಕಾನೂನು ಇವು ನಾಲ್ಕೂ ಕೂಡಿಬಂದಲ್ಲಿ ನಕಲು ನಡೆಯುತ್ತದೆ.

ತೋಟಾ ಮೊದಲು

ಖಡ್ಕಿಯ ಮದ್ದುಗುಂಡು ಕಾರ್ಖಾನೆ ಆರಂಭವಾದದ್ದು 1869ರಲ್ಲಿ. ಬ್ರಿಟಿಷರು ಊರಿನ ಹೆಸರನ್ನು ‘ಕಿರ್ಕಿ’ ಎಂದು ಬರೆಯುತ್ತಿದ್ದುದರಿಂದ ಇಲ್ಲಿನ ತೋಟಾಗಳ ಬುಡದಲ್ಲಿ ‘ಕೆಎಫ್’ ಎಂಬ ಮುದ್ರೆ ಬಿತ್ತು. ರೈಫಲ್, ಪಿಸ್ತೂಲು, ಬೇಟೆಯ ಬಂದೂಕುಗಳ ತೋಟಾಗಳು ಈ ಮುದ್ರೆ ಹೊತ್ತು ದೇಶದಾದ್ಯಂತ ಹೋಗಿವೆ. 2021ರ ಅಕ್ಟೋಬರ್ 1ರಂದು ಆರ್ಡ್‌ನನ್ಸ್ ಫ್ಯಾಕ್ಟರಿ ಮಂಡಳಿಯನ್ನು ಏಳು ಸರ್ಕಾರಿ ಕಂಪನಿಗಳಾಗಿ ವಿಂಗಡಿಸಿದಾಗ, ಮದ್ದುಗುಂಡಿನ ಹೊಣೆ ಹೊತ್ತ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ನ ಮುಖ್ಯ ಕಚೇರಿ ಪುಣೆಯಲ್ಲೇ ನೆಲೆಗೊಂಡಿತು.

ಪಿಸ್ತೂಲಿನ ನಕಲನ್ನು ಅರ್ಥಮಾಡಿಕೊಳ್ಳಲು ಇಂಥ ಕಾರ್ಖಾನೆಯಿಂದಲೇ ಆರಂಭಿಸಬೇಕು. ಪಿಸ್ತೂಲು ಒಮ್ಮೆ ಕೊಳ್ಳುವ ವಸ್ತು. ತೋಟಾ ವರ್ಷವರ್ಷವೂ ಲಕ್ಷಗಟ್ಟಲೆ ಬೇಕಾಗುವ ಸಾಮಗ್ರಿ. ಹಿತ್ತಾಳೆಯ ಕೋಶವನ್ನು ಎಳೆದು ರೂಪಿಸುವ ಪ್ರೆಸ್ಸುಗಳು, ಮದ್ದು ತುಂಬುವ ಸಾಲುಗಳು, ತಪಾಸಣೆಯ ಗೇಜುಗಳು ಎಲ್ಲವೂ ಒಂದು ನಿರ್ದಿಷ್ಟ ಅಳತೆಗೆ ಹೊಂದಿಕೊಂಡಿರುತ್ತವೆ. ಅಳತೆ ಬದಲಾದರೆ ಅಷ್ಟನ್ನೂ ಬದಲಿಸಬೇಕು, ಗೋದಾಮುಗಳಲ್ಲಿ ಕೂಡಿಟ್ಟ ದಾಸ್ತಾನನ್ನೂ ಬಿಡಬೇಕು. ಆದ್ದರಿಂದ ಒಂದು ದೇಶ ಮೊದಲು ನೆಚ್ಚಿಕೊಳ್ಳುವುದು ತೋಟಾವನ್ನು. ಆಮೇಲೆ ಆ ತೋಟಾಕ್ಕೆ ಚೆನ್ನಾಗಿ ಒಗ್ಗಿದೆ ಎಂದು ಸಾಬೀತಾದ ಪಿಸ್ತೂಲನ್ನು ಹುಡುಕುತ್ತದೆ.

ಆಸ್ಟ್ರಿಯ ಮೂಲದ ಗೇಯೋರ್ಗ್ ಲೂಗರ್ 20ನೇ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ರೂಪಿಸಿದ 9×19 ಮಿ.ಮೀ. ತೋಟಾ ಈ ವಿಷಯದಲ್ಲಿ ಜಗತ್ತನ್ನೇ ಗೆದ್ದಿತು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಸ್ಟೆನ್ ಗನ್ ಕೂಡ ಶತ್ರುವಿನ ಈ ತೋಟಾವನ್ನೇ ಹಾರಿಸಿತು. ಭಾರತದ ಸೇನೆಯ ಸ್ಟೆನ್ ಗನ್, ಆಮೇಲೆ ಸ್ಟರ್ಲಿಂಗ್ ಕಾರ್ಬೈನ್‌ಗಳಿಗೆ 9 ಎಂಎಂ ತೋಟಾ ಹೇಗೂ ಬೇಕಾಗಿತ್ತು. ಅದೇ ತೋಟಾ ಹಾರಿಸುವ ಪಿಸ್ತೂಲು ಇದ್ದರೆ ಸರಬರಾಜು ಸರಳವಾಗುತ್ತದೆ. ಯುದ್ಧ ಮುಗಿಯುವ ಹೊತ್ತಿಗೆ ಚೆನ್ನಾಗಿ ಪಳಗಿದ್ದ 9 ಎಂಎಂ ಪಿಸ್ತೂಲುಗಳಲ್ಲಿ ಒಂದು ಹೈ ಪವರ್.

ಸೋವಿಯತ್ ದೇಶದಲ್ಲೂ ಇದೇ ನಡೆಯಿತು. ಅಲ್ಲಿ ಜರ್ಮನಿಯ ಮೌಸರ್ ಪಿಸ್ತೂಲುಗಳ ತೋಟಾ ಆಗಲೇ ಬಳಕೆಯಲ್ಲಿತ್ತು. ಅದನ್ನೇ ಆಧರಿಸಿದ 7.62 ಮಿ.ಮೀ. ತೋಟಾಕ್ಕಾಗಿ ಫ್ಯೋದರ್ ತೊಕರೆವ್ ರೂಪಿಸಿದ ಟಿಟಿ ಪಿಸ್ತೂಲಿನ ಒಳಗಿದ್ದದ್ದು ಬ್ರೌನಿಂಗನ ಯಾಂತ್ರಿಕತೆ. ಚೀನಾ, ಪೋಲೆಂಡ್, ಹಂಗರಿ, ರೊಮೇನಿಯ, ಯುಗೊಸ್ಲಾವಿಯಗಳು ಸೋವಿಯತ್ ತೋಟಾದ ಬೆನ್ನಿಗೇ ಟಿಟಿಯನ್ನೂ ತಂದುಕೊಂಡವು. ಚೀನಾದ ಟೈಪ್ 54 ಪಿಸ್ತೂಲು ಈ ಮನೆತನದ್ದು.

ಬಗೆಹರಿದ ಸಮಸ್ಯೆ

ಸ್ವಯಂಚಾಲಿತ ಪಿಸ್ತೂಲಿನ ಮುಖ್ಯ ತೊಡಕು ಒಂದೇ. ಗುಂಡು ನಳಿಗೆಯೊಳಗೆ ಇರುವಷ್ಟು ಹೊತ್ತು ಅನಿಲದ ಒತ್ತಡ ಅಪಾಯದ ಮಟ್ಟದಲ್ಲಿರುತ್ತದೆ, ಆಗ ಹಿಂಬದಿ ತೆರೆಯಕೂಡದು. ಗುಂಡು ಹೊರಬಿದ್ದು ಒತ್ತಡ ಇಳಿದ ಕೂಡಲೇ ತೆರೆದುಕೊಂಡು, ಖಾಲಿ ಕೋಶವನ್ನು ಎಸೆದು, ಮುಂದಿನ ತೋಟಾವನ್ನು ತುಂಬಬೇಕು. ಇಷ್ಟೂ ಕೆಲಸ ಗುಂಡಿನ ಹಿನ್ನೂಕು ಬಲದಿಂದಲೇ ಕಣ್ಣೆವೆ ಇಕ್ಕುವುದರೊಳಗೆ ಆಗಬೇಕು.

ಬ್ರೌನಿಂಗ್ ಇದಕ್ಕೆ ಕಂಡುಕೊಂಡ ಪರಿಹಾರ ಸರಳ. ನಳಿಗೆಯೂ ಅದನ್ನು ಮುಚ್ಚಿರುವ ಸ್ಲೈಡೂ ಒಂದಕ್ಕೊಂದು ಕಚ್ಚಿಕೊಂಡು ತುಸು ದೂರ ಜೊತೆಯಾಗಿ ಹಿಂದೆ ಸರಿಯುತ್ತವೆ. ಅಷ್ಟರಲ್ಲಿ ಗುಂಡು ಹೊರಟುಹೋಗಿರುತ್ತದೆ. ಆಗ ನಳಿಗೆಯ ಹಿಂತುದಿ ಕೆಳಗೆ ಬಾಗಿ ಹಿಡಿತ ಬಿಡುತ್ತದೆ, ಸ್ಲೈಡ್ ಒಂಟಿಯಾಗಿ ಹಿಂದಕ್ಕೆ ಸಾಗುತ್ತದೆ. 1911ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಕೋಲ್ಟ್ ಎಂ1911ರಲ್ಲಿ ಈ ಬಾಗುವಿಕೆಯನ್ನು ಒಂದು ಪುಟ್ಟ ಕೊಂಡಿ ನಡೆಸುತ್ತದೆ. ಹೈ ಪವರ್‌ನಲ್ಲಿ ಕೊಂಡಿಯನ್ನು ತೆಗೆದು, ನಳಿಗೆಯ ಕೆಳಗೇ ಕಡೆದ ಓರೆ ಮೈಯನ್ನು ಬಳಸಲಾಯಿತು. ಹೀಗೆ ಒಂದು ಚಲಿಸುವ ಬಿಡಿಭಾಗ ಕಡಿಮೆಯಾಯಿತು. ಚೆಕೊಸ್ಲೊವಾಕಿಯದ ಸಿಝೆಡ್ 75 ಆಗಲಿ, ಆಸ್ಟ್ರಿಯದ ಗ್ಲಾಕ್ ಆಗಲಿ ಮೂಲತಃ ಈ ತತ್ವವನ್ನೇ ಅವಲಂಬಿಸಿವೆ.

ಬ್ರೌನಿಂಗ್ 1926ರಲ್ಲಿ ಬೆಲ್ಜಿಯಂನಲ್ಲೇ ತೀರಿಕೊಂಡಾಗ ಹೈ ಪವರ್ ಇನ್ನೂ ಮುಗಿದಿರಲಿಲ್ಲ. ಮ್ಯಾಗಜಿನ್‌ನಲ್ಲಿ ತೋಟಾಗಳನ್ನು ಒಂದೇ ಸಾಲಿನ ಬದಲು ಅಂಕುಡೊಂಕಾಗಿ ಎರಡು ಸಾಲಿನಲ್ಲಿ ಜೋಡಿಸುವ ಉಪಾಯ ಸೈವ್‌ನದು. ಅದರಿಂದ ಹಿಡಿಕೆ ಕೈಮೀರಿ ದಪ್ಪವಾಗದೆ 13 ತೋಟಾಗಳಿಗೆ ಜಾಗ ಸಿಕ್ಕಿತು. ಎಂ1911ರ ಮ್ಯಾಗಜಿನ್‌ನಲ್ಲಿ ಹಿಡಿಯುತ್ತಿದ್ದದ್ದು ಏಳು.

ಇಂಥ ವಿನ್ಯಾಸವನ್ನು ನಕಲು ಮಾಡುವವನು ಆಕಾರದ ಜೊತೆಗೆ ಪರೀಕ್ಷೆಯ ಫಲಿತಾಂಶವನ್ನೂ ಎರವಲು ಪಡೆಯುತ್ತಾನೆ. 1911ರಲ್ಲಿ ಕೋಲ್ಟ್ ಪಿಸ್ತೂಲಿನಿಂದ ಎರಡು ದಿನಗಳಲ್ಲಿ 6,000 ಗುಂಡು ಹಾರಿಸಲಾಯಿತು. ಕಾದಾಗ ನೀರಿಗೆ ಅದ್ದಿ ತಣಿಸಿ ಮತ್ತೆ ಹಾರಿಸಿದರೂ ಅದು ಒಮ್ಮೆಯೂ ತಡವರಿಸಲಿಲ್ಲ. ಪ್ರತಿಸ್ಪರ್ಧಿ ಸ್ಯಾವೇಜ್ ಪಿಸ್ತೂಲು 37 ಬಾರಿ ಕೈಕೊಟ್ಟಿತು. ಹೊಸ ವಿನ್ಯಾಸದ ದೋಷಗಳು ನಕಾಶೆಯ ಮೇಲೆ ಕಾಣುವುದಿಲ್ಲ. ಕೆಸರು, ಮರಳು, ಹಿಮ, ಸೆಖೆ ಇವುಗಳಲ್ಲಿ ಲಕ್ಷಾಂತರ ಗುಂಡು ಹಾರಿದ ಮೇಲೆ ಒಂದೊಂದಾಗಿ ಹೊರಬೀಳುತ್ತವೆ. ಹಳೆಯ ವಿನ್ಯಾಸದ ಆ ಬೆಲೆಯನ್ನು ಬೇರೆ ಯಾರೋ ಆಗಲೇ ತೆತ್ತಿರುತ್ತಾರೆ.

ಯಂತ್ರಗಳಿಗೆ ಒಗ್ಗುವ ವಿನ್ಯಾಸ

ಕೀರ್ತಿಯೊಂದೇ ಸಾಕಾಗಿದ್ದರೆ ಅತಿ ಹೆಚ್ಚು ನಕಲಾಗಬೇಕಾಗಿದ್ದದ್ದು ಜರ್ಮನಿಯ ಲೂಗರ್. ಸಿನಿಮಾಗಳಿಂದ, ಯುದ್ಧದ ಚಿತ್ರಗಳಿಂದ ಅದರ ಆಕಾರ ಎಲ್ಲರಿಗೂ ಪರಿಚಿತ. ಆದರೆ ಮೊಣಕಾಲಿನಂತೆ ಮಡಚಿಕೊಳ್ಳುವ ಅದರ ಯಾಂತ್ರಿಕತೆಗೆ ಬಹಳ ನಿಖರವಾದ ಕಡೆತ ಬೇಕು, ಕೈಯಿಂದ ಹೊಂದಿಸುವ ಕೆಲಸವೂ ಹೆಚ್ಚು. ಜರ್ಮನಿಯೇ ಅದರ ಜಾಗಕ್ಕೆ ಕಡಿಮೆ ಖರ್ಚಿನ ವಾಲ್ಥರ್ ಪಿ38 ಅನ್ನು ತಂದಿತು. ಬ್ರೌನಿಂಗನ ಪಿಸ್ತೂಲುಗಳಾದರೋ ಸಾಮಾನ್ಯ ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳಿದ್ದ ಕಾರ್ಖಾನೆಗೂ ಎಟುಕುವಂಥವು.

ಎರಡನೇ ಮಹಾಯುದ್ಧದಲ್ಲಿ ಎಂ1911 ಮಾದರಿಯನ್ನು ತಯಾರಿಸಿದವರ ಪಟ್ಟಿಯೇ ಇದಕ್ಕೆ ಸಾಕ್ಷಿ. ಬೆರಳಚ್ಚು ಯಂತ್ರಗಳ ರೆಮಿಂಗ್ಟನ್ ರ‍್ಯಾಂಡ್, ರೈಲ್ವೆ ಸಿಗ್ನಲ್‌ಗಳ ಯೂನಿಯನ್ ಸ್ವಿಚ್ ಆ್ಯಂಡ್ ಸಿಗ್ನಲ್ ಕಂಪನಿಗಳು ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದವು. ಹೊಲಿಗೆ ಯಂತ್ರದ ಸಿಂಗರ್ ಕಂಪನಿ 500 ಪಿಸ್ತೂಲು ಮಾಡಿ ನಿಲ್ಲಿಸಿತು. ಆ ಐನೂರಕ್ಕೆ ಈಗ ಸಂಗ್ರಾಹಕರು ಮುಗಿಬೀಳುತ್ತಾರೆ.

ಹೈ ಪವರ್ ಕೆನಡಾ ತಲುಪಿದ್ದೂ ಯುದ್ಧದ ಒತ್ತಡದಲ್ಲೇ. 1940ರಲ್ಲಿ ಬೆಲ್ಜಿಯಂ ಜರ್ಮನಿಯ ವಶವಾಯಿತು. ಎಫ್‌ಎನ್ ಕಾರ್ಖಾನೆ ಜರ್ಮನ್ ಸೇನೆಗಾಗಿ ಅದೇ ಪಿಸ್ತೂಲನ್ನು ತಯಾರಿಸತೊಡಗಿತು. ಸೈವ್ ಮತ್ತು ಕೆಲವು ಸಹೋದ್ಯೋಗಿಗಳು ಬ್ರಿಟನ್‌ಗೆ ತಪ್ಪಿಸಿಕೊಂಡರು. ಇತ್ತ ಜಪಾನಿನ ವಿರುದ್ಧ ಹೋರಾಡುತ್ತಿದ್ದ ಚೀನಾಕ್ಕೆ ಇದೇ ಪಿಸ್ತೂಲು ಬೇಕಾಗಿತ್ತು. ಬಾಯ್ಲರ್, ಹಡಗಿನ ಎಂಜಿನ್‌ಗಳಿಗೆ ಹೆಸರಾಗಿ ಆಮೇಲೆ ಬ್ರೆನ್ ಗನ್ ಮಾಡುತ್ತಿದ್ದ ಟೊರಾಂಟೊದ ಜಾನ್ ಇಂಗ್ಲಿಸ್ ಕಂಪನಿಗೆ ಕೆಲಸ ಬಂತು. ಮಾದರಿ ಪಿಸ್ತೂಲುಗಳನ್ನು ಅಳೆದು ನಕಾಶೆ ಬರೆದು, 1944ರಲ್ಲಿ ಅದು ಉತ್ಪಾದನೆ ಆರಂಭಿಸಿತು. ಯುದ್ಧ ಮುಗಿಯುವುದರೊಳಗೆ ಅಲ್ಲಿ ಸುಮಾರು ಒಂದೂವರೆ ಲಕ್ಷ ಪಿಸ್ತೂಲುಗಳು ತಯಾರಾದವು. ಇಛಾಪುರದ 1ಎ ಪಿಸ್ತೂಲಿಗೆ ಮೇಲ್ಪಂಕ್ತಿ ಈ ಇಂಗ್ಲಿಸ್ ಮಾದರಿಯೇ.

ನಕಲಾಗುವಾಗ ಯಂತ್ರದ ಜೊತೆಗೆ ಇನ್ನಷ್ಟು ವಸ್ತುಗಳು ಹಿಂಬಾಲಿಸಿ ಬರುತ್ತವೆ. ಮ್ಯಾಗಜಿನ್, ಚರ್ಮದ ಚೀಲ, ಬಿಡಿಭಾಗ, ದುರಸ್ತಿಯ ಕೈಪಿಡಿ, ತರಬೇತಿ ಪಡೆದ ಬಂದೂಕು ದುರಸ್ತಿಗಾರ ಎಲ್ಲವೂ ಆ ಮಾದರಿಗೆ ಆಗಲೇ ಒಗ್ಗಿರುತ್ತವೆ. ಅಮೆರಿಕದ ನಾಗರಿಕ ಮಾರುಕಟ್ಟೆಗೆ ಫಿಲಿಪ್ಪೀನ್ಸ್‌ನ ಆರ್ಮ್‌ಸ್ಕೋರ್, ಟರ್ಕಿಯ ತಿಸಾಶ್ ಕಂಪನಿಗಳು ಎಂ1911 ಮಾದರಿಗಳನ್ನು ಮಾಡಿ ಕಳಿಸುವುದಕ್ಕೆ ಇದೇ ಆಧಾರ. ಕೊಳ್ಳುವವನಿಗೆ ಬಿಡಿಭಾಗಗಳ ಚಿಂತೆ ಇಲ್ಲ. ಮಾರುವವನಿಗೆ ಪಿಸ್ತೂಲನ್ನು ಪರಿಚಯಿಸುವ ಖರ್ಚಿಲ್ಲ.

ಪೇಟೆಂಟಿನ ಒಳಹೊರಗು

ಪೇಟೆಂಟು ಒಂದು ಅವಧಿಯ ಹಕ್ಕು. ಭಾರತದಲ್ಲಿ ಈಗ ಅದು ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಅವಧಿ ತೀರಿದ ಮೇಲೆ ವಿನ್ಯಾಸ ಎಲ್ಲರ ಸೊತ್ತು. ಹೆಸರು ಮತ್ತು ವ್ಯಾಪಾರ ಮುದ್ರೆ ಮಾತ್ರ ಮೂಲ ಕಂಪನಿಯ ಬಳಿ ಉಳಿಯುತ್ತವೆ. ಎಷ್ಟೋ ನಕಲುಗಳ ಆಕಾರ ಒಂದೇ ಇದ್ದು ಮೈಮೇಲಿನ ಹೆಸರು ಬೇರೆ ಇರುವುದು ಈ ಕಾರಣಕ್ಕೆ.

ಹೈ ಪವರ್ ಕೂಡ ಇಂಥ ಗಡುವಿನಿಂದ ಲಾಭ ಪಡೆದ ಪಿಸ್ತೂಲು. ಕೋಲ್ಟ್ ಕಂಪನಿಯ ಬಳಿಯಿದ್ದ ಎಂ1911ರ ಪೇಟೆಂಟುಗಳನ್ನು ತಪ್ಪಿಸಿಕೊಂಡು ಹೋಗಲು ಬ್ರೌನಿಂಗ್ ತನ್ನದೇ ಹಳೆಯ ಉಪಾಯಗಳನ್ನು ಬಿಟ್ಟು ಸುತ್ತು ದಾರಿ ಹಿಡಿದಿದ್ದ. 1928ರಲ್ಲಿ ಆ ಪೇಟೆಂಟುಗಳ ಅವಧಿ ಮುಗಿಯುತ್ತಲೇ ಸೈವ್ ಅವುಗಳಲ್ಲಿ ಉತ್ತಮವಾದವನ್ನು ಹೊಸ ಪಿಸ್ತೂಲಿಗೆ ಸೇರಿಸಿಕೊಂಡ.

ಸ್ಪೇನಿನ ಐಬಾರ್ ಪಟ್ಟಣದ ಕುಶಲಕರ್ಮಿಗಳಿಗೆ ದಾರಿ ಇನ್ನೂ ಸುಲಭವಾಗಿತ್ತು. ಹೊರಗಿನವರು ಪಡೆದ ಪೇಟೆಂಟಿನ ವಸ್ತುವನ್ನು ಸ್ಪೇನಿನಲ್ಲೇ ತಯಾರಿಸದಿದ್ದರೆ ರಕ್ಷಣೆ ನಿಲ್ಲದಂಥ ಕಾನೂನು ಅಲ್ಲಿತ್ತು. ಬ್ರೌನಿಂಗನ 1903ರ ಪಿಸ್ತೂಲು ಹೀಗೆ ಊರಿಗೆ ಊರೇ ಮಾಡುವ ಸರಕಾಯಿತು. ಚೆಕೊಸ್ಲೊವಾಕಿಯದ ಕತೆ ತದ್ವಿರುದ್ಧ. ಕೌತ್ಸ್ಕಿ ಸಹೋದರರು ರೂಪಿಸಿದ ಸಿಝೆಡ್ 75ರ ಪೇಟೆಂಟುಗಳನ್ನು ಅಲ್ಲಿನ ಸರ್ಕಾರ ರಹಸ್ಯವಾಗಿಟ್ಟಿತು. ಗುಟ್ಟಾಗಿಟ್ಟದ್ದಕ್ಕೆ ಹೊರದೇಶದಲ್ಲಿ ರಕ್ಷಣೆ ಸಿಗಲಿಲ್ಲ. ಇಟಲಿಯ ತಾನ್‌ಫೋಲ್ಯೊ ಕಂಪನಿ, ಸ್ವಿಟ್ಜರ್ಲೆಂಡ್, ಚೀನಾ, ಟರ್ಕಿಗಳ ತಯಾರಕರು ಅದನ್ನು ನಿರಾತಂಕವಾಗಿ ಅನುಸರಿಸಿದರು. ಇಸ್ರೇಲಿನ ಜೆರಿಕೊ ಪಿಸ್ತೂಲೂ ಆ ಬಳ್ಳಿಯದೇ.

ಸರ್ಕಾರವೇ ನಕಲುಗಾರನಾದ ಪ್ರಸಂಗಗಳೂ ಇವೆ. ಬ್ರಿಟನ್ನಿನ ಎನ್‌ಫೀಲ್ಡ್ ಸರ್ಕಾರಿ ಕಾರ್ಖಾನೆ ವೆಬ್ಲಿ ಕಂಪನಿಯ ವಿನ್ಯಾಸವನ್ನು ಹೋಲುವ .38 ರಿವಾಲ್ವರನ್ನು ತಾನೇ ತಯಾರಿಸಿತು. ವೆಬ್ಲಿ ನ್ಯಾಯ ಕೇಳಿತು. ಕೊನೆಗೆ 1,250 ಪೌಂಡ್ ಪರಿಹಾರ ಸಿಕ್ಕಿತು. ಪುಣೆಯಲ್ಲಿ 1958ರಲ್ಲಿ ಸ್ಥಾಪನೆಯಾದ ಶಸ್ತ್ರಾಸ್ತ್ರ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ, ಅಂದರೆ ಎಆರ್‌ಡಿಇ, ಇಂಥದೇ ವಿವಾದದ ನಡುವೆ ಸಿಕ್ಕಿಕೊಂಡಿತ್ತು. 1962ರ ಚೀನಾ ಯುದ್ಧದ ಹೊತ್ತಿಗೆ ಸೇನೆಗೆ ಹೊಸ ರೈಫಲ್ ತುರ್ತಾಗಿ ಬೇಕಾಗಿತ್ತು. ಎಆರ್‌ಡಿಇ ಬ್ರಿಟನ್, ಆಸ್ಟ್ರೇಲಿಯ, ಬೆಲ್ಜಿಯಂಗಳ ಎಫ್‌ಎಎಲ್ ರೈಫಲ್‌ಗಳನ್ನು ಅಭ್ಯಾಸ ಮಾಡಿ ಭಾರತದ್ದೇ ಆದ ನಕಾಶೆ ಸಿದ್ಧಪಡಿಸಿತು. ಇಛಾಪುರದಲ್ಲಿ ಉತ್ಪಾದನೆ ಆರಂಭವಾಯಿತು. ಮೂಲ ತಯಾರಕ ಎಫ್‌ಎನ್ ಆಕ್ಷೇಪಿಸಿತು, ಆಮೇಲೆ ರಾಜಿಯಾಯಿತು. ಭಾರತೀಯ ಸೈನಿಕ ಮೂರು ದಶಕ ಹೊತ್ತ ಎಸ್‌ಎಲ್‌ಆರ್ ಇದೇ.

ಕಾನೂನು ಉಳಿಸಿದ ಹಳೆಯ ಅಳತೆ

ಭಾರತದ ನಾಗರಿಕ ಮಾರುಕಟ್ಟೆಯಲ್ಲಿ ನಕಲಿಗೆ ಇನ್ನೊಂದು ಕಾರಣವಿದೆ. ಶಸ್ತ್ರಾಸ್ತ್ರ ಕಾಯ್ದೆಯಡಿ 9 ಎಂಎಂನಂಥ ಸೇನಾ ಅಳತೆಗಳು ‘ನಿಷಿದ್ಧ ಬೋರ್’. ಸಾಮಾನ್ಯ ಪರವಾನಗಿಯವರಿಗೆ ಅವು ಸಿಗುವುದಿಲ್ಲ. ಹೊರಗಿನಿಂದ ಬರುತ್ತಿದ್ದ ಕೈಬಂದೂಕುಗಳ ಆಮದೂ 1980ರ ದಶಕದಲ್ಲಿ ಬಹುತೇಕ ನಿಂತಿತು. ಉಳಿದದ್ದು .32ರಂಥ ಹಳೆಯ ಅಳತೆಗಳು. ಬ್ರೌನಿಂಗ್ 1899ರ ಸುಮಾರಿಗೆ ತನ್ನ ಮೊದಲ ಪಿಸ್ತೂಲಿಗಾಗಿ ರೂಪಿಸಿದ .32 ತೋಟಾ ಬೇರೆಡೆ ಹಿಂದೆ ಸರಿದರೂ ಇಲ್ಲಿ ಬೇಡಿಕೆಯಲ್ಲೇ ಇದೆ. ಸರ್ಕಾರಿ ಕಾರ್ಖಾನೆಗಳ .32 ರಿವಾಲ್ವರ್ ವೆಬ್ಲಿ ಮಾದರಿಯದು. 2014ರಲ್ಲಿ ಮಹಿಳೆಯರನ್ನು ಗಮನದಲ್ಲಿಟ್ಟು ಕಾನ್ಪುರದಿಂದ ಬಂದ, ಸುಮಾರು 500 ಗ್ರಾಂ ತೂಕದ ‘ನಿರ್ಭೀಕ್’ ಕೂಡ ವೆಬ್ಲಿ ಮತ್ತು ಸ್ಮಿತ್ ಆ್ಯಂಡ್ ವೆಸನ್ ಲಕ್ಷಣಗಳನ್ನು ಬೆರೆಸಿದ್ದು. ಇಷ್ಟಾದ ಮೇಲೆ ವೆಬ್ಲಿ ಆ್ಯಂಡ್ ಸ್ಕಾಟ್ ಕಂಪನಿಯೇ ಭಾರತದ ಪಾಲುದಾರರೊಂದಿಗೆ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ .32 ರಿವಾಲ್ವರ್ ತಯಾರಿಗೆ ಇಳಿಯಿತು.

ನಕಲಿಗೆ ಸಿಗದದ್ದು

ಪಿಸ್ತೂಲನ್ನು ಬಿಚ್ಚಿ ಅಳೆದರೆ ಉದ್ದ, ಅಗಲ, ದಪ್ಪ ಸಿಗುತ್ತವೆ. ಉಕ್ಕಿನ ಮಿಶ್ರಣ, ಅದನ್ನು ಕಾಸಿ ಹದಗೊಳಿಸಿದ ಬಗೆ, ಎರಡು ಭಾಗಗಳ ನಡುವೆ ಎಷ್ಟು ಸಡಿಲ ಇರಬಹುದು ಎಂಬ ಮಿತಿ ಇವು ಸಿಗುವುದಿಲ್ಲ. ಮೂಲ ನಕಾಶೆಯಲ್ಲಿ ಪ್ರತಿ ಅಳತೆಗೂ ಹೆಚ್ಚುಕಡಿಮೆಯ ಮಿತಿ ಬರೆದಿರುತ್ತದೆ. ಅಳೆಯುವವನ ಕೈಗೆ ಬರುವುದು ಆ ಮಿತಿಯೊಳಗಿನ ಒಂದು ಅಂಕಿ ಮಾತ್ರ.

ಒಂದನೇ ಮಹಾಯುದ್ಧದಲ್ಲಿ ಫ್ರಾನ್ಸ್ ಇದನ್ನು ಅನುಭವಿಸಿತು. 1915ರಲ್ಲಿ ಅದು ಐಬಾರ್‌ನ ಗಬಿಲೊಂದೊ ಕಂಪನಿಗೆ ‘ರೂಬಿ’ ಪಿಸ್ತೂಲುಗಳನ್ನು ತಿಂಗಳಿಗೆ 10,000ದಂತೆ ಒದಗಿಸಲು ಹೇಳಿತು. ಬೇಡಿಕೆ ಬೇಗನೆ ತಿಂಗಳಿಗೆ 30,000ಕ್ಕೆ ಏರಿತು. ಒಬ್ಬರಿಂದ ಆಗದೆ ಡಜನ್‌ಗಟ್ಟಲೆ ಕಾರ್ಖಾನೆಗಳು ಸೇರಿಕೊಂಡವು. ನೋಡಲು ಎಲ್ಲವೂ ಒಂದೇ. ಆದರೆ ಒಬ್ಬರ ಮ್ಯಾಗಜಿನ್ ಇನ್ನೊಬ್ಬರ ಪಿಸ್ತೂಲಿಗೆ ಕೂರುತ್ತಿರಲಿಲ್ಲ. ಭಾರತದ ಎಸ್‌ಎಲ್‌ಆರ್‌ನ ಹಲವು ಬಿಡಿಭಾಗಗಳೂ ಹೊರದೇಶದ ಎಫ್‌ಎಎಲ್‌ಗಳಿಗೆ ಹೊಂದುವುದಿಲ್ಲ.

ಕಳ್ಳ ತಯಾರಿಕೆಯಲ್ಲಿ ಈ ಕೊರತೆ ಪ್ರಾಣಾಪಾಯದ ಮಟ್ಟ ಮುಟ್ಟುತ್ತದೆ. ಬಿಹಾರದ ಮುಂಗೇರ್‌ನಲ್ಲಿ ಬಂದೂಕು ಕಸುಬು 18ನೇ ಶತಮಾನದ ನವಾಬ ಮೀರ್ ಕಾಸಿಂನ ಕಾಲದ್ದು. ಅಲ್ಲಿ ಪರವಾನಗಿ ಪಡೆದ ಕಸುಬಿನ ಜೊತೆಗೇ ಕಳ್ಳ ಕಾರ್ಖಾನೆಗಳೂ ಬೆಳೆದವು. ದೇಶದ ನಾನಾ ಕಡೆ ಪೊಲೀಸರು ಹಿಡಿಯುವ 7.65 ಮಿ.ಮೀ. ನಾಡಪಿಸ್ತೂಲುಗಳಲ್ಲಿ ಬಹಳಷ್ಟು ಅಲ್ಲಿಯವು. ಮೈಮೇಲೆ ಅಮೆರಿಕ, ಇಟಲಿಯ ಹೆಸರು ಕೊರೆದಿರುತ್ತದೆ, ಹಲವು ಸಲ ಕಾಗುಣಿತವೂ ತಪ್ಪಿರುತ್ತದೆ. ಹದವಿಲ್ಲದ ಉಕ್ಕಿನ ನಳಿಗೆ ಹಾರಿಸಿದವನ ಕೈಯಲ್ಲೇ ಸಿಡಿಯಬಹುದು. ಸರ್ಕಾರಿ ಕಾರ್ಖಾನೆಯ ನಕಲಿಗೂ ಇದಕ್ಕೂ ಇರುವ ಅಂತರ ಗೇಜು, ಲೋಹಶಾಸ್ತ್ರ ಮತ್ತು ಹೆಚ್ಚಿನ ಒತ್ತಡದ ಪರೀಕ್ಷೆಗಳದ್ದು.

ಪಾಷಾಣ್‌ನಿಂದ ಹೊಸ ವಿನ್ಯಾಸ

ನಕಲಿನಿಂದ ಸ್ವಂತ ವಿನ್ಯಾಸಕ್ಕೆ ಹೋಗುವ ದಾರಿಯೂ ಪುಣೆಯಲ್ಲೇ ಇದೆ. ಪಾಷಾಣ್ ಬಡಾವಣೆಯಲ್ಲಿರುವ ಎಆರ್‌ಡಿಇ ಎಸ್‌ಎಲ್‌ಆರ್ ನಂತರ 5.56 ಮಿ.ಮೀ. ಇನ್ಸಾಸ್ ರೈಫಲನ್ನು ರೂಪಿಸಿತು. ಅದು ನೇರ ನಕಲಲ್ಲ. ಕಲಾಶ್ನಿಕೋವ್ ಮತ್ತು ಎಫ್‌ಎಎಲ್ ಎರಡರ ಲಕ್ಷಣಗಳೂ ಅದರಲ್ಲಿವೆ. 1999ರ ಕಾರ್ಗಿಲ್ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜಿನ್‌ಗಳು ಬಿರುಕು ಬಿಟ್ಟ ವರದಿಗಳು ಬಂದವು. ಹೊಸ ವಿನ್ಯಾಸ ತೆರಬೇಕಾದ ಬೆಲೆ ಇಂಥದು.

2021ರ ಜನವರಿಯಲ್ಲಿ ಎಆರ್‌ಡಿಇ ಮತ್ತು ಮಹೂ ಪದಾತಿ ಶಾಲೆ ಜೊತೆಗೂಡಿ ನಾಲ್ಕು ತಿಂಗಳಲ್ಲಿ ರೂಪಿಸಿದ ‘ಅಸ್ಮಿ’ ಮಷಿನ್ ಪಿಸ್ತೂಲನ್ನು ಪ್ರಕಟಿಸಲಾಯಿತು. ಮೇಲಿನ ಕವಚ ವಿಮಾನಗಳಲ್ಲಿ ಬಳಸುವ ಅಲ್ಯೂಮಿನಿಯಂ, ಕೆಳಗಿನದು ಕಾರ್ಬನ್ ಫೈಬರ್. ಟ್ರಿಗರ್ ಭಾಗ ಸೇರಿದಂತೆ ಕೆಲವು ಭಾಗಗಳಿಗೆ ಲೋಹದ 3ಡಿ ಮುದ್ರಣ ಬಳಕೆಯಾಯಿತು. ಒಂದರ ಉತ್ಪಾದನಾ ವೆಚ್ಚ 50,000 ರೂಪಾಯಿಯೊಳಗೆ ಎಂದು ರಕ್ಷಣಾ ಇಲಾಖೆ ಅಂದಾಜಿಸಿತು. ಹೈದರಾಬಾದಿನ ಲೋಕೇಶ್ ಮಷಿನ್ಸ್ ಅದರ ತಯಾರಿಕೆ ವಹಿಸಿಕೊಂಡಿತು. 2024ರಲ್ಲಿ ಸೇನೆಗೆ ಅದರ ಪೂರೈಕೆ ನಡೆಯಿತು.

ಕವಚದ ವಸ್ತು, ತಯಾರಿಕೆಯ ವಿಧಾನ ಎಲ್ಲವೂ ಬದಲಾದ ಈ ಆಯುಧದಲ್ಲೂ ಅಳತೆ ಅದೇ 9×19. ನಳಿಗೆಯ ವ್ಯಾಸ, ಮ್ಯಾಗಜಿನ್‌ನ ಅಗಲ, ಹಿಡಿಕೆಯ ಗಾತ್ರ ಇವೆಲ್ಲ ತೋಟಾದಿಂದಲೇ ತೀರ್ಮಾನವಾಗುವುದರಿಂದ ಹೊಸ ವಿನ್ಯಾಸಕಾರನ ಸ್ವಾತಂತ್ರ್ಯ ಆರಂಭವಾಗುವುದೇ ಆ ಮಿತಿಯಾಚೆಗೆ. ತೋಟಾ ಉಳಿದಷ್ಟು ಕಾಲ ಅದಕ್ಕೆ ಒಗ್ಗಿದ ಹಳೆಯ ಪಿಸ್ತೂಲೂ ತಯಾರಿಗೆ ಯೋಗ್ಯವಾಗಿಯೇ ಇರುತ್ತದೆ. ಹೊಸದು ಅದನ್ನು ಬದಿಗೆ ಸರಿಸಬೇಕಾದರೆ ತೂಕದಲ್ಲೋ ಬೆಲೆಯಲ್ಲೋ ಬಾಳಿಕೆಯಲ್ಲೋ ಸ್ಪಷ್ಟವಾಗಿ ಮೇಲಾಗಿರಬೇಕು, ಹಳೆಯದು ದಶಕಗಳಲ್ಲಿ ಗಳಿಸಿದ ಪರೀಕ್ಷೆಯ ದಾಖಲೆಯನ್ನು ತಾನೂ ಗಳಿಸಬೇಕು.